ಸ್ಪಂಜನ್ನು ಮೀನು ಯಾಕೆ ಉಗುಳುತ್ತದೆ? ಬೆಳಗಾವಿಯ ಕಾಲೇಜು ಲ್ಯಾಬ್‌ನಲ್ಲೇ ಮಾಡಿ ನೋಡಲು ಸಮಗ್ರ ಮಾರ್ಗದರ್ಶಿ

ಸಮುದ್ರದ ಸ್ಪಂಜಿಗೆ ಹಲ್ಲಿಲ್ಲ, ಚಿಪ್ಪಿಲ್ಲ, ಓಡಿಹೋಗಲು ಕಾಲಿಲ್ಲ. ಮರಿಯಾಗಿದ್ದಾಗ ಒಂದು ಬಂಡೆಗೆ ಅಂಟಿಕೊಂಡರೆ ಮುಗಿಯಿತು, ಬಾಳೆಲ್ಲ ಅಲ್ಲೇ. ಸುತ್ತಮುತ್ತ ಹಗಲೆಲ್ಲ ಏನಾದರೊಂದನ್ನು ಕಚ್ಚಿ ನೋಡುತ್ತಲೇ ಇರುವ ಮೀನುಗಳು. ಆದರೂ ಇವತ್ತು 9,000ಕ್ಕೂ ಹೆಚ್ಚು ಜಾತಿಯ ಸ್ಪಂಜುಗಳು ಗೊತ್ತಾಗಿವೆ. ಹವಳದ ದಿಬ್ಬಗಳಲ್ಲಿ ಎದ್ದು ಕಾಣುವ ಹಾಗೆ, ಬಣ್ಣಬಣ್ಣವಾಗಿ, ಬಚ್ಚಿಟ್ಟುಕೊಳ್ಳದೆ ಬೆಳೆಯುತ್ತವೆ. ಮೀನು ಬಾಯಿಗೆ ಹಾಕಿಕೊಂಡ ಕೂಡಲೇ ಉಗುಳುವಂಥ ರಾಸಾಯನಿಕಗಳು ಅವುಗಳ ಮೈಯಲ್ಲಿರುವುದೇ ಇದಕ್ಕೆ ದೊಡ್ಡ ಕಾರಣ.

ಪಿಯುಸಿ ಮತ್ತು ಬಿಎಸ್ಸಿ ಜೀವಶಾಸ್ತ್ರದಲ್ಲಿ ಸ್ಪಂಜಿನ ಪಾಠ ಬರುತ್ತದೆ. ನೀರು ಹೋಗುವ ರಂಧ್ರಗಳ ಚಿತ್ರ ಬರೆದು, ಹೆಸರು ಗುರುತಿಸಿ ಮುಂದೆ ಹೋಗುತ್ತೇವೆ. ಈ ಪ್ರಾಣಿಯ ನಿಜವಾದ ಸೊಗಸು ಅಲ್ಲಿ ಕೈತಪ್ಪಿ ಹೋಗುತ್ತದೆ ಅಂತ ನನಗೆ ಅನಿಸುತ್ತದೆ. ಆ ಸೊಗಸನ್ನು ನೋಡಲು ಸಮುದ್ರವೇ ಬೇಕಿಲ್ಲ. ವಿಜ್ಞಾನಿಗಳು ಹವಳದ ದಿಬ್ಬದ ಮೀನುಗಳ ಮೇಲೆ ಮಾಡಿದ ಪ್ರಯೋಗವನ್ನೇ ಬೆಳಗಾವಿಯಲ್ಲಿ ಗೋಲ್ಡ್‌ಫಿಶ್ ಮತ್ತು ಅಡುಗೆಮನೆಯ ತರಕಾರಿ ಇಟ್ಟುಕೊಂಡು ಮಾಡಬಹುದು. ಹೇಗೆ ಅಂತ ಹಂತ ಹಂತವಾಗಿ ಬರೆಯುತ್ತೇನೆ.

ಮೂಲ ಪ್ರಯೋಗ ಏನು?

1995ರಲ್ಲಿ ಅಮೆರಿಕದ ಸಾಗರ ಜೀವಶಾಸ್ತ್ರಜ್ಞ ಜೋಸೆಫ್ ಪಾಲಿಕ್ ಮತ್ತು ಸಂಗಡಿಗರು ಕೆರಿಬಿಯನ್ ಸಮುದ್ರದ 71 ಜಾತಿಯ ಸ್ಪಂಜುಗಳನ್ನು ಪರೀಕ್ಷಿಸಿದರು. ಪ್ರತಿಯೊಂದರಿಂದ ಸತ್ವ ತೆಗೆದು, ಸ್ಕ್ವಿಡ್ ಎಂಬ ಕಡಲಪ್ರಾಣಿಯ ಪುಡಿಯಿಂದ ಮಾಡಿದ ಮೆತ್ತನೆಯ ತುಣುಕುಗಳಿಗೆ ಬೆರೆಸಿ, ಅದೇ ದಿಬ್ಬಗಳಲ್ಲಿ ಸಿಗುವ ನೀಲಿತಲೆಯ ರಾಸ್ ಮೀನಿಗೆ ಕೊಟ್ಟರು. 69 ಶೇಕಡಾ ಜಾತಿಗಳ ಸತ್ವವನ್ನು ಮೀನು ಒಪ್ಪಲಿಲ್ಲ. ಮೈಯಲ್ಲಿರುವ ಗಾಜಿನಂಥ ಸೂಜಿಗಳೇ ಸ್ಪಂಜನ್ನು ಕಾಯುತ್ತವೆ ಅಂತ ಹಲವರು ನಂಬಿದ್ದರು. ಅದೇ ವರ್ಷ ಅದೇ ಬಳಗ ಆ ಸೂಜಿಗಳನ್ನೂ ಬೇರೆಯಾಗಿ ಬೆರೆಸಿ ಕೊಟ್ಟು ನೋಡಿತು. ಬಹುತೇಕ ಸೂಜಿಗಳಿಗೆ ಮೀನು ಸೊಪ್ಪೇ ಹಾಕಲಿಲ್ಲ. ಅಂದರೆ ಕಾವಲು ಇದ್ದದ್ದು ಮುಖ್ಯವಾಗಿ ರುಚಿಯಲ್ಲಿ.

ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇಡೀ ಪ್ರಯೋಗ ಅದರ ಮೇಲೆ ನಿಂತಿದೆ. ವಿಷ ಬೇರೆ, ಬೇಡವಾದ ರುಚಿ ಬೇರೆ.

ಕೆಂಪು ಸಮುದ್ರದಲ್ಲಿ ನೆಗೊಂಬಾಟಾ ಎಂಬ ಕೆಂಪು ಸ್ಪಂಜಿದೆ. ಅದನ್ನು ಹಿಂಡಿ ಬಂದ ಕೆಂಪು ರಸವನ್ನು ಮೀನಿನ ತೊಟ್ಟಿಗೆ ಬಿಟ್ಟರೆ ಮೀನುಗಳು ನಿಮಿಷಗಳಲ್ಲೇ ಸಾಯುತ್ತವೆ. ಅದರಲ್ಲಿರುವ ಲಾಟ್ರಂಕ್ಯುಲಿನ್ ಎಂಬ ವಸ್ತು ಜೀವಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಇದು ವಿಷ. ಆದರೆ ತೊಟ್ಟಿಗೆ ರಸ ಸುರಿದು ಮೀನು ಸತ್ತಿತು ಅಂದಮಾತ್ರಕ್ಕೆ, ಸಮುದ್ರದಲ್ಲಿ ಆ ಸ್ಪಂಜನ್ನು ಕಾಯುವುದು ವಿಷವೇ ಅಂತ ಸಾಬೀತಾಗುವುದಿಲ್ಲ. ಕಚ್ಚಿದ ಮೀನು ಆಮೇಲೆ ಸತ್ತರೆ ಸ್ಪಂಜಿಗೇನು ಲಾಭ? ತುಂಡು ಹೋದದ್ದು ಹೋಯಿತು. ಬಾಯಿಯಲ್ಲೇ ಬೇಡ ಅನಿಸಬೇಕು. ಅಗೆಲಾಸ್ ಎಂಬ ಸ್ಪಂಜಿನಲ್ಲಿರುವ ಓರೊಯ್ಡಿನ್, ಸೆಪ್ಟ್ರಿನ್ ಎಂಬ ಬ್ರೋಮಿನ್ ಸೇರಿದ ವಸ್ತುಗಳು ಮಾಡುವುದು ಈ ಕೆಲಸವನ್ನೇ. ನಮ್ಮ ಹಳ್ಳಿಗಳ ಕಡೆ ಕಾರೆಕಾಯಿ ಜಜ್ಜಿ ಹಳ್ಳದ ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದರಲ್ವಾ, ಅದು ಮೀನಿನ ಕಿವಿರಿಗೆ ತಗಲುವ ವಿಷ. ಅದರಿಂದ ರುಚಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ನಮ್ಮ ಪ್ರಯೋಗದಲ್ಲಿ ನೀರಿಗೆ ಯಾವ ರಸವನ್ನೂ ಹಾಕುವುದಿಲ್ಲ. ತಿನ್ನುವ ತುಣುಕಿನೊಳಗೆ ಇಟ್ಟು ಕೊಡುತ್ತೇವೆ.

ಹಂತ 1: ಸ್ಪಂಜು ತರಬೇಡಿ, ತರಕಾರಿ ಆರಿಸಿ

ಬೆಳಗಾವಿಯಿಂದ ಕಾರವಾರ, ಗೋವಾ ದೂರವೇನಲ್ಲ. ಇಳಿತದ ಹೊತ್ತಿಗೆ ಕಲ್ಲಿನ ದಂಡೆಗೆ ಹೋದರೆ ಬಂಡೆಯ ಅಡಿಗೆ, ನೆರಳಿನ ಕಡೆ, ಹಳದಿ ಅಥವಾ ಕಿತ್ತಳೆ ಬಣ್ಣದ ಹೊಪ್ಪಳೆಯಂತೆ ಅಂಟಿಕೊಂಡ ಸ್ಪಂಜುಗಳನ್ನು ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ, ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಿದೆ. ಮೊದಲೇ ಪತ್ರ ಬರೆದು ಅನುಮತಿ ಕೇಳಿ ಹೋದರೆ ಒಳ್ಳೆಯದು. ಆದರೆ ಕಿತ್ತು ತರಬೇಡಿ. ಸುಣ್ಣದ ಸೂಜಿಯ ಸ್ಪಂಜುಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ದಂಡೆಯಲ್ಲಿ ನಿಂತು ಯಾವುದು ಆ ಜಾತಿ ಅಂತ ಹೇಳುವುದು ಕಷ್ಟ. ಬರಿಗೈಯಲ್ಲಿ ಮುಟ್ಟಲೂ ಬೇಡಿ, ಕೆಲವು ಸ್ಪಂಜುಗಳು ಕೈಗೆ ಉರಿ, ತುರಿಕೆ ತರುತ್ತವೆ.

ಸ್ಪಂಜಿನ ಜಾಗದಲ್ಲಿ ಗಿಡಗಳನ್ನು ಇಡೋಣ. ಗಿಡಕ್ಕೂ ಓಡಲು ಕಾಲಿಲ್ಲ, ಅದೂ ರಾಸಾಯನಿಕಗಳಿಂದಲೇ ತನ್ನನ್ನು ಕಾಯ್ದುಕೊಳ್ಳುತ್ತದೆ. ನಾವು ತಿನ್ನುವ ಪದಾರ್ಥಗಳನ್ನೇ ಆರಿಸಿ: ಹಾಗಲಕಾಯಿ, ಮೆಂತ್ಯ ಸೊಪ್ಪು, ಬೆಳ್ಳುಳ್ಳಿ, ಅರಿಶಿಣ, ಕೊತ್ತಂಬರಿ, ಸೌತೆಕಾಯಿ. ಕಹಿಯಾದದ್ದು ಒಂದೆರಡು, ಸಪ್ಪೆಯಾದದ್ದು ಒಂದೆರಡು ಇರಲಿ. ಎಕ್ಕ, ಕಳ್ಳಿ, ಕಾರೆಕಾಯಿ, ಬೇವಿನೆಣ್ಣೆ ಖಂಡಿತ ಬೇಡ. ಮೀನು ಸಾಯಬಹುದು, ನಿಮ್ಮ ಕಣ್ಣಿಗೂ ಅಪಾಯ.

ಹಂತ 2: ಮೀನು

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಗೋಲ್ಡ್‌ಫಿಶ್ ಸಾಕು. ಐದಾರು ಸೆಂಟಿಮೀಟರ್ ಉದ್ದದವು ಇರಲಿ. ಸೊಳ್ಳೆ ಮರಿ ತಿನ್ನಲು ಬಾವಿ, ತೊಟ್ಟಿಗಳಿಗೆ ಬಿಡುವ ಗಪ್ಪಿ ಮೀನು ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅದರ ಬಾಯಿ ತೀರ ಚಿಕ್ಕದು. ಉಗುಳಿತೋ ನುಂಗಿತೋ ಗೊತ್ತಾಗುವುದಿಲ್ಲ.

ಗೋಲ್ಡ್‌ಫಿಶ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಮೀನು. ಅದರ ಬಾಯಿಯ ಮೇಲ್ಭಾಗದಲ್ಲಿ ರುಚಿಮೊಗ್ಗುಗಳು ಕಿಕ್ಕಿರಿದ ದಪ್ಪ ಸ್ನಾಯುವಿನ ಮೆತ್ತೆ ಇದೆ. ಮರಳು, ಆಹಾರ ಎಲ್ಲವನ್ನೂ ಒಟ್ಟಿಗೆ ಹೀರಿಕೊಂಡು, ಬಾಯೊಳಗೇ ಬೇರೆ ಮಾಡಿ, ಬೇಡವಾದದ್ದನ್ನು ಹೊರಗೆ ತಳ್ಳುತ್ತದೆ. ದವಡೆಯಲ್ಲಿ ಹಲ್ಲಿಲ್ಲ, ಅಗಿಯುವ ಹಲ್ಲು ಗಂಟಲಲ್ಲಿದೆ. ಒಪ್ಪಿದ ತುತ್ತು ಮಾತ್ರ ಅಲ್ಲಿಗೆ ಹೋಗುತ್ತದೆ. ತೀರ ಕಹಿಯಾದ ಕ್ವಿನೈನ್ ಬೆರೆಸಿದ ಆಹಾರವನ್ನು ಗೋಲ್ಡ್‌ಫಿಶ್ ಉಗುಳುವುದನ್ನು ವಿಜ್ಞಾನಿಗಳು ಚೆನ್ನಾಗಿ ದಾಖಲಿಸಿದ್ದಾರೆ.

ಒಂದು ಮಾತು ನೆನಪಿರಲಿ. ಇದು ಸಿಹಿನೀರಿನ ಮೀನು. ಇದು ಉಗುಳಿದ್ದನ್ನು ಹವಳದ ಮೀನೂ ಉಗುಳುತ್ತದೆ ಅಂತ ಬರೆಯಬಾರದು. ಸಮುದ್ರದಲ್ಲೇ ಏಂಜಲ್ ಮೀನುಗಳು, ಹಾಕ್ಸ್‌ಬಿಲ್ ಆಮೆ ಸ್ಪಂಜನ್ನು ತಿಂದೇ ಬದುಕುತ್ತವೆ. ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರ ಊಟ.

ಈಗ ಎಲ್ಲರೂ ಜಾರುವ ಜಾಗ. ಒಂದೇ ಮೀನಿಗೆ ಹತ್ತು ಸಲ ಕೊಟ್ಟರೆ ಹತ್ತು ಪರೀಕ್ಷೆ ಆಗುವುದಿಲ್ಲ. ಅದು ಒಂದೇ ಮೀನಿನ ಅಭಿಪ್ರಾಯ ಅಷ್ಟೇ. ಹತ್ತು ಬೇರೆ ಬೇರೆ ಮೀನು ಬೇಕು. ಹತ್ತು ವಿದ್ಯಾರ್ಥಿಗಳಿಗೆ ಒಂದೊಂದು ಮೀನು, ಒಂದೊಂದು 20 ಲೀಟರ್ ಟಬ್ ಹಂಚಿದರೆ ಕೆಲಸ ಸುಲಭ. ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಒಂದು ದಿನ ಬಾಯಿ ತೆರೆದ ಬಕೆಟ್‌ನಲ್ಲಿ ಇಟ್ಟು, ಅಥವಾ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿ ಹಾಕಿ ಆಮೇಲೆ ಬಳಸಿ. ಗಾಳಿಯ ಪಂಪ್ ಇರಲಿ. ಮೀನು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಎರಡು ಮೂರು ದಿನ ಬಿಡಿ.

ಹಂತ 3: ಅಳತೆ ಮತ್ತು ಸತ್ವ

ಸತ್ವವನ್ನು ತೂಕದ ಲೆಕ್ಕದಲ್ಲಿ ಅಲ್ಲ, ಗಾತ್ರದ ಲೆಕ್ಕದಲ್ಲಿ ಬೆರೆಸಬೇಕು. ಮೀನು ಕಚ್ಚುವುದು ಒಂದು ಬಾಯಿ ಗಾತ್ರದ ತುಂಡನ್ನು. ಸ್ಪಂಜಿನ ತೂಕದಲ್ಲಿ ನೀರೆಷ್ಟು, ಸೂಜಿಯೆಷ್ಟು ಅಂತ ಜಾತಿಯಿಂದ ಜಾತಿಗೆ ಬದಲಾಗುತ್ತದೆ. 10 ಮಿಲಿ ಸ್ಪಂಜಿನ ಸತ್ವ 10 ಮಿಲಿ ಆಹಾರಕ್ಕೆ ಹೋದರೆ, ಮೀನಿನ ಬಾಯಿಗೆ ಸಮುದ್ರದಲ್ಲಿ ಸಿಗುವಷ್ಟೇ ಗಾಢತೆ ಸಿಗುತ್ತದೆ. ಈ ಪದ್ಧತಿಯ ಜಾಣತನ ಇರುವುದೇ ಇಲ್ಲಿ.

ಅಳತೆ ಸಿಲಿಂಡರ್‌ನಲ್ಲಿ 20 ಮಿಲಿ ನೀರು ತೆಗೆದುಕೊಳ್ಳಿ. ಸಣ್ಣಗೆ ಹೆಚ್ಚಿದ ಹಾಗಲಕಾಯಿ ಚೂರುಗಳನ್ನು ಒಂದೊಂದಾಗಿ ಹಾಕಿ, ಗಾಳಿಗುಳ್ಳೆ ಉಳಿಯದಂತೆ ಕಡ್ಡಿಯಿಂದ ಅದುಮಿ. ನೀರು 30ರ ಗೆರೆ ಮುಟ್ಟಿದಾಗ ನಿಲ್ಲಿಸಿ. ಅಷ್ಟೂ ಚೂರುಗಳ ಗಾತ್ರ 10 ಮಿಲಿ. ತೆಗೆದು ಬಟ್ಟೆಯ ಮೇಲೆ ಒರೆಸಿ.

ಸಂಶೋಧಕರು ಡೈಕ್ಲೋರೋಮೀಥೇನ್, ಮೆಥನಾಲ್ ಬಳಸುತ್ತಾರೆ. ಫ್ಯೂಮ್ ಹುಡ್ (ವಿಷದ ಆವಿಯನ್ನು ಹೊರಗೆಳೆಯುವ ಗೂಡು) ಇಲ್ಲದ ಕಾಲೇಜು ಲ್ಯಾಬ್‌ಗೆ ಅವು ಬೇಡ. ಲ್ಯಾಬ್‌ನ ಶುದ್ಧ ಈಥೈಲ್ ಆಲ್ಕೋಹಾಲ್ ಸಾಕು. ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಬೇಡ. ಕುಡಿಯಬಾರದು ಅಂತಲೇ ಅದಕ್ಕೆ ಬೇರೆ ವಸ್ತುಗಳನ್ನು ಬೆರೆಸಿರುತ್ತಾರೆ, ಆಲ್ಕೋಹಾಲ್ ಆರಿದ ಮೇಲೂ ಅವುಗಳ ರುಚಿ ಉಳಿಯುತ್ತದೆ.

ಚೂರುಗಳನ್ನು ಜಜ್ಜಿ, ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ, 30 ಮಿಲಿ ಆಲ್ಕೋಹಾಲ್ ಸುರಿದು ರಾತ್ರಿಯಿಡೀ ಬಿಡಿ. ಮರುದಿನ ಸೋಸಿ. ಉಳಿದ ಚರಟಕ್ಕೆ ಇನ್ನೊಮ್ಮೆ ಅಷ್ಟೇ ಆಲ್ಕೋಹಾಲ್ ಹಾಕಿ, ಕೆಲವು ಗಂಟೆ ಬಿಟ್ಟು ಸೋಸಿ. ಎರಡನ್ನೂ ಸೇರಿಸಿ ಅಗಲವಾದ ಗಾಜಿನ ತಟ್ಟೆಯಲ್ಲಿ, ಕಿಟಕಿ ತೆರೆದ ಕೋಣೆಯಲ್ಲಿ ಆರಲು ಬಿಡಿ. ಹತ್ತಿರದಲ್ಲಿ ಸ್ಟವ್, ಬರ್ನರ್, ಊದುಬತ್ತಿ ಯಾವುದೂ ಇರಬಾರದು. ಜುಲೈ, ಆಗಸ್ಟ್‌ನಲ್ಲಿ ನಮ್ಮ ಊರಿನ ಜಡಿಮಳೆಯ ತಂಪಿಗೆ ಇದು ಬೇಗ ಆರುವುದಿಲ್ಲ, ಫೆಬ್ರವರಿ, ಮಾರ್ಚ್‌ನಲ್ಲಿ ಮಾಡಿದರೆ ಲಗೂ ಆಗುತ್ತದೆ. ಮೂಗು ಹತ್ತಿರ ತಂದರೆ ಆಲ್ಕೋಹಾಲ್ ವಾಸನೆ ಸ್ವಲ್ಪವೂ ಬರಬಾರದು. ತಳದಲ್ಲಿ ಅಂಟಾದ ಹಸಿರು ಲೇಪ ಉಳಿದಿರುತ್ತದೆ. ಅದೇ ಸತ್ವ.

ಜೊತೆಗೆ ಇನ್ನೊಂದು ತಟ್ಟೆಯಲ್ಲಿ ಬರೀ 60 ಮಿಲಿ ಆಲ್ಕೋಹಾಲ್ ಆರಿಸಿ. ಸತ್ವವಿಲ್ಲದೆ, ಹೋಲಿಕೆಗಾಗಿ ಮಾಡುವ ಸಾದಾ ಉಂಡೆಗೆ (ಆಹಾರದ ತುಣುಕಿಗೆ) ಈ ತಟ್ಟೆ. ಇಲ್ಲದಿದ್ದರೆ ಮೀನು ಉಗುಳಿದ್ದು ಹಾಗಲಕಾಯಿಗೋ, ಆಲ್ಕೋಹಾಲ್‌ನ ಶೇಷಕ್ಕೋ ಅಂತ ಹೇಳಲಾಗದು.

ಹಂತ 4: ಉಂಡೆ ಮಾಡುವುದು

ಮೂಲ ಪಾಕದಲ್ಲಿ 100 ಮಿಲಿ ನೀರಿಗೆ 5 ಗ್ರಾಂ ಸ್ಕ್ವಿಡ್ ಪುಡಿ, 3 ಗ್ರಾಂ ಸೋಡಿಯಂ ಆಲ್ಜಿನೇಟ್ (ಪಾಕ ಗಟ್ಟಿಯಾಗಲು ಹಾಕುವ ಪುಡಿ). ನಮಗೆ ಸ್ಕ್ವಿಡ್ ಬದಲು ಮಾರ್ಕೆಟ್‌ನ ಒಣ ಸಿಗಡಿ ನಡೆಯುತ್ತದೆ. ತಲೆ, ಸಿಪ್ಪೆ ತೆಗೆದು ಮಿಕ್ಸರ್‌ನಲ್ಲಿ ಪುಡಿಮಾಡಿ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಸಿಪ್ಪೆ ಉಳಿದರೆ ಅದರಲ್ಲಿರುವ ಕ್ಯಾಲ್ಸಿಯಂ ಆಲ್ಜಿನೇಟನ್ನು ಮೊದಲೇ ಗಟ್ಟಿ ಮಾಡಿಬಿಡಬಹುದು.

10 ಮಿಲಿ ನೀರಿಗೆ ಅರ್ಧ ಗ್ರಾಂ ಸಿಗಡಿ ಪುಡಿ, 0.3 ಗ್ರಾಂ ಆಲ್ಜಿನೇಟ್. ಚಿನ್ನ ಬೆಳ್ಳಿ ತೂಗುವಂಥ ಸಣ್ಣ ತಕ್ಕಡಿ ಬೇಕಾಗುತ್ತದೆ. ಎರಡೂ ಪುಡಿಗಳನ್ನು ಒಣದಾಗಿಯೇ ಕಲಸಿಕೊಂಡು, ಕದಡುತ್ತಿರುವ ನೀರಿಗೆ ಸ್ವಲ್ಪ ಸ್ವಲ್ಪವೇ ಉದುರಿಸಿ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ, ಆಮೇಲೆ ಎಷ್ಟು ತಿರುವಿದರೂ ಬಿಡುವುದಿಲ್ಲ. ತಟ್ಟೆಯ ಸತ್ವಕ್ಕೆ ಒಂದೆರಡು ಹನಿ ಆಲ್ಕೋಹಾಲ್ ಹಾಕಿ ಕೆರೆದು ಇದಕ್ಕೆ ಸೇರಿಸಿ, ಬಣ್ಣ ಎಲ್ಲ ಕಡೆ ಒಂದೇ ಸಮ ಆಗುವವರೆಗೆ ತಿರುವಿ. ಸಾದಾ ಪಾಕಕ್ಕೆ ಅದರ ತಟ್ಟೆಯನ್ನು ಹಾಗೆಯೇ ಕೆರೆದು ಹಾಕಿ, ಹಸಿರು ಫುಡ್ ಕಲರ್ ಬೆರೆಸಿ ಎರಡೂ ಒಂದೇ ಥರ ಕಾಣುವಂತೆ ಮಾಡಿ. ಮೀನಿಗೆ ಕಣ್ಣಿದೆ, ಬಣ್ಣ ಗೊತ್ತಾಗುತ್ತದೆ.

ಗಟ್ಟಿ ಮಾಡಲು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ. ನೀರಿಲ್ಲದ ಪುಡಿಯಾದರೆ 100 ಮಿಲಿಗೆ 2.8 ಗ್ರಾಂ, ನೀರು ಸೇರಿದ್ದಾದರೆ (ಡೈಹೈಡ್ರೇಟ್) 3.7 ಗ್ರಾಂ. ಡಬ್ಬಿಯ ಮೇಲಿನ ಚೀಟಿ ಓದಿ ನೋಡಿಕೊಳ್ಳಿ. ಪಾಕವನ್ನು ಸೂಜಿ ತೆಗೆದ ಸಿರಿಂಜ್‌ಗೆ ತುಂಬಿ, ಮೂತಿಯನ್ನು ದ್ರಾವಣದೊಳಗೆ ಮುಳುಗಿಸಿ ಮೆಲ್ಲಗೆ ಒತ್ತಿ. ಶಾವಿಗೆಯ ಎಳೆಯಂತೆ ಹೊರಬಂದು ನೋಡನೋಡುತ್ತಲೇ ಗಟ್ಟಿಯಾಗುತ್ತದೆ. ಕೆಲವು ನಿಮಿಷ ಬಿಟ್ಟು ತೆಗೆದು, ಬ್ಲೇಡಿನಿಂದ 2–3 ಮಿಲಿಮೀಟರ್ ತುಣುಕು ಮಾಡಿ. ಆಮೇಲೆ ಒಳ್ಳೆಯ ನೀರಿನಲ್ಲಿ ತಪ್ಪದೆ ತೊಳೆಯಿರಿ. ಕ್ಯಾಲ್ಸಿಯಂ ಕ್ಲೋರೈಡ್ ತಾನೇ ಕಹಿ. ತೊಳೆಯದಿದ್ದರೆ ಸಾದಾ ಉಂಡೆಯನ್ನೂ ಮೀನು ಉಗುಳಿ ಇಡೀ ದಿನದ ಕೆಲಸ ಹಾಳಾಗುತ್ತದೆ. ಹಾಗಂತ ನೀರಿನಲ್ಲೇ ನೆನೆಹಾಕಿ ಇಡಬೇಡಿ, ಸತ್ವ ಸೋರಿಹೋಗುತ್ತದೆ. ಅವತ್ತು ಮಾಡಿದ್ದನ್ನು ಅವತ್ತೇ ಬಳಸಿ.

ಆಲ್ಜಿನೇಟ್ ಸಿಗದಿದ್ದರೆ ಕಿರಾಣಿ ಅಂಗಡಿಯ ಚೈನಾ ಗ್ರಾಸ್ ಆಗುತ್ತದೆ. ಅದನ್ನು ಕುದಿಸಬೇಕು, ಸತ್ವವನ್ನು ಆರುತ್ತಾ ಬಂದ ಮೇಲೆ ಬೆರೆಸಬೇಕು. ನನಗೆ ಆಲ್ಜಿನೇಟೇ ಇಷ್ಟ, ಬಿಸಿಯ ಕಾಟವೇ ಇಲ್ಲ.

ಹಂತ 5: ತಿನ್ನಿಸಿ ನೋಡುವುದು

ಮೊದಲ ದಿನಗಳಲ್ಲಿ ಸಾದಾ ಉಂಡೆ ಮಾತ್ರ ಕೊಟ್ಟು ರೂಢಿ ಮಾಡಿಸಿ. ಬಣ್ಣ ಹಾಕಿದ ಸಾದಾ ಉಂಡೆಯನ್ನು ತಕ್ಷಣ ತಿನ್ನದ ಮೀನನ್ನು ಪರೀಕ್ಷೆಗೆ ತೆಗೆದುಕೊಳ್ಳಬೇಡಿ. ಪರೀಕ್ಷೆಯ ದಿನ ಬೆಳಿಗ್ಗೆ ಆಹಾರ ಹಾಕಬೇಡಿ, ಅದಕ್ಕಿಂತ ಜಾಸ್ತಿ ಉಪವಾಸ ಬೇಡ. ತೀರ ಹಸಿದ ಮೀನು ಏನನ್ನಾದರೂ ನುಂಗುತ್ತದೆ.

ಎರಡು ಡಬ್ಬಿಗಳಿಗೆ ‘ಅ’, ‘ಆ’ ಅಂತ ಬರೆದು, ಯಾವುದರಲ್ಲಿ ಏನಿದೆ ಅಂತ ಮೇಷ್ಟ್ರಿಗೆ ಮಾತ್ರ ಗೊತ್ತಿರಲಿ. ಉಂಡೆ ಹಾಕಿ ಬರೆದುಕೊಳ್ಳುವ ವಿದ್ಯಾರ್ಥಿಗೆ ಗೊತ್ತಿರಬಾರದು. ಹಾಗಲಕಾಯಿ ಅಂತ ತಿಳಿದ ಕಣ್ಣಿಗೆ ಮೀನು ಉಗುಳಿದಂತೆಯೇ ಕಾಣುತ್ತದೆ. ಯಾವ ಡಬ್ಬಿಯಿಂದ ಮೊದಲು ಅಂತ ನಾಣ್ಯ ಚಿಮ್ಮಿ ತೀರ್ಮಾನಿಸಿ. ಒಂದು ಉಂಡೆ ಮುಗಿದು ಒಂದೆರಡು ನಿಮಿಷವಾದ ಮೇಲೆ ಇನ್ನೊಂದು.

ಈಗ ಮೀನಿನ ಬಾಯಿಯ ಮೇಲೆಯೇ ಕಣ್ಣಿಡಿ. ಸಾದಾ ಉಂಡೆಯಾದರೆ ಹೀರಿಕೊಂಡು, ಬಾಯಿ ಎರಡು ಮೂರು ಸಲ ಆಡಿಸಿ, ಗಂಟಲಿಗೆ ಇಳಿಸಿ, ಮುಂದಿನದಕ್ಕೆ ಹುಡುಕುತ್ತದೆ. ಬೇಡವಾದದ್ದಾದರೆ ಬಾಯಿ ಮುಂದಕ್ಕೆ ಚಾಚಿ ಉಂಡೆಯನ್ನು ಹೊರಗೆ ಊದುತ್ತದೆ. ಹಲವು ಸಲ ಅದನ್ನೇ ಮತ್ತೆ ಹೀರಿಕೊಳ್ಳುತ್ತದೆ, ಮತ್ತೆ ಊದುತ್ತದೆ. ಒಂದು ಸಲ ಉಗುಳಿದ್ದನ್ನೇ ತಿರಸ್ಕಾರ ಅಂತ ಬರೆಯಬೇಡಿ. ಒಳ್ಳೆಯ ಆಹಾರವನ್ನೂ ಗೋಲ್ಡ್‌ಫಿಶ್ ಒಮ್ಮೆ ಹೊರಗೆ ಬಿಟ್ಟು ತಿನ್ನುವುದುಂಟು. ಮೂಲ ಪ್ರಯೋಗದ ನಿಯಮವನ್ನೇ ಇಟ್ಟುಕೊಳ್ಳಿ: ಮೂರು ಸಲ ಬಾಯಿಗೆ ತೆಗೆದುಕೊಂಡೂ ತಿನ್ನದಿದ್ದರೆ, ಅಥವಾ ಒಮ್ಮೆ ಬಾಯಿಗೆ ಹಾಕಿಕೊಂಡು ಉಗುಳಿ ಆಮೇಲೆ ಹತ್ತಿರ ಬಂದೂ ಮೂಸದೆ ಹೋದರೆ, ಆಗ ಮಾತ್ರ ‘ಬೇಡ’.

ಕೊನೆಗೆ ಎಲ್ಲ ಮೀನಿಗೂ ಇನ್ನೊಂದು ಸಾದಾ ಉಂಡೆ ಕೊಡಿ. ಅದನ್ನು ತಿಂದರೆ, ಹಿಂದಿನದನ್ನು ಬಿಟ್ಟದ್ದು ರುಚಿಗೆ. ಇದನ್ನೂ ತಿನ್ನದಿದ್ದರೆ ಹೊಟ್ಟೆ ತುಂಬಿದೆ ಅಥವಾ ಹೆದರಿದೆ, ಆ ಮೀನಿನ ಫಲಿತಾಂಶ ಬಿಟ್ಟುಬಿಡಿ. ತಿನ್ನದೆ ಉಳಿದ ಉಂಡೆಯನ್ನು ಆಗಲೇ ಬಲೆಯಿಂದ ತೆಗೆಯಿರಿ. ಮೀನು ಓರೆಯಾಗಿ ಈಜಿದರೆ, ಮೇಲೆ ಬಂದು ಗಾಳಿಗೆ ಬಾಯಿಬಿಟ್ಟರೆ ಪ್ರಯೋಗ ಅಲ್ಲಿಗೇ ನಿಲ್ಲಿಸಿ, ನೀರು ಬದಲಿಸಿ.

ಹಂತ 6: ಲೆಕ್ಕ

ಹತ್ತು ಮೀನುಗಳಲ್ಲಿ ಹತ್ತೂ ಸಾದಾ ಉಂಡೆ ತಿಂದವು ಅಂದುಕೊಳ್ಳಿ. ಸತ್ವದ ಉಂಡೆಯನ್ನು ಏಳು ಮೀನು ತಿಂದು ಮೂರು ಬಿಟ್ಟವು. ಇದನ್ನು ನಂಬಬಹುದೇ?

ಒಟ್ಟು 20 ಉಂಡೆ, ಬಿಟ್ಟದ್ದು 3. ಸತ್ವಕ್ಕೆ ಏನೂ ಪರಿಣಾಮವೇ ಇಲ್ಲದಿದ್ದರೂ ಆ ಮೂರೂ ಸತ್ವದ ಉಂಡೆಗಳೇ ಆಗಿಬಿಡುವ ಸಾಧ್ಯತೆ ಎಷ್ಟು? 10ರಲ್ಲಿ 3 ಆರಿಸುವ ಬಗೆ 120, 20ರಲ್ಲಿ 3 ಆರಿಸುವ ಬಗೆ 1,140. ಭಾಗಿಸಿದರೆ 0.105. ನೂರಕ್ಕೆ ಹತ್ತು ಸಲ ಸುಮ್ನೆ ಅದೃಷ್ಟದಿಂದಲೇ ಹೀಗಾಗಬಹುದು. ನಂಬಲು ಸಾಲದು. ನಾಲ್ಕು ಬಿಟ್ಟರೆ? 210ನ್ನು 4,845ರಿಂದ ಭಾಗಿಸಿ, 0.043 ಬರುತ್ತದೆ. ನೂರಕ್ಕೆ ಐದಕ್ಕಿಂತ ಕಡಿಮೆ. ಆದ್ದರಿಂದ ಹತ್ತರಲ್ಲಿ ಆರು ಅಥವಾ ಅದಕ್ಕಿಂತ ಕಡಿಮೆ ತಿಂದರೆ ಆ ಸತ್ವ ಮೀನನ್ನು ತಡೆಯುತ್ತದೆ ಅಂತ ಬರೆಯಬಹುದು. ಪಿಯುಸಿ ಗಣಿತದ ಸಂಯೋಜನೆಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಗಣಿತದ ಮೇಷ್ಟ್ರನ್ನೂ ಕರೆಯಿರಿ.

ಕೆಲವು ಸತ್ವಗಳನ್ನು ಮೀನು ಚೊಕ್ಕಟವಾಗಿ ತಿಂದುಬಿಟ್ಟರೆ ಅದನ್ನೂ ಅಷ್ಟೇ ಪ್ರೀತಿಯಿಂದ ಬರೆದುಕೊಳ್ಳಿ. ಆ 71 ಜಾತಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ರಾಸಾಯನಿಕ ಕಾವಲಿಲ್ಲದೆಯೇ ಬದುಕುತ್ತಿವೆ. ಬೇರೆ ಸ್ಪಂಜುಗಳು ಕಾವಲಿಗೆ ಹಾಕುವ ಶಕ್ತಿಯನ್ನು ಅವು ಬೇಗ ಬೆಳೆಯಲು, ಗಾಯ ಮಾಯಿಸಲು, ಮರಿ ಮಾಡಲು ಹಾಕುತ್ತವೆ. 2014ರಲ್ಲಿ ಲೋ ಎಂಬ ಸಂಶೋಧಕಿ ಮತ್ತು ಪಾಲಿಕ್ ಕೆರಿಬಿಯನ್‌ನ 69 ಜಾಗಗಳನ್ನು ಹೋಲಿಸಿ ನೋಡಿದರು. ಮೀನು ಹಿಡಿಯುವುದು ಅತಿಯಾದ ಕಡೆ ಇಂಥ ಕಾವಲಿಲ್ಲದ, ಮೀನಿಗೆ ರುಚಿಸುವ ಸ್ಪಂಜುಗಳೇ ಜಾಸ್ತಿಯಾಗಿದ್ದವು. ತಿನ್ನುವವರಿಲ್ಲದಾಗ ಕಹಿ ಮಾಡಿಕೊಂಡು ಕೂತವರು ಹಿಂದೆ ಬೀಳುತ್ತಾರೆ.

ಮುಂದುವರಿಸುವವರಿಗೆ

ತಡೆಯುವ ಸತ್ವ ಸಿಕ್ಕರೆ, ಅದೇ ಸತ್ವವನ್ನು ಅರ್ಧ ಪ್ರಮಾಣದಲ್ಲಿ, ಆಮೇಲೆ ಕಾಲು ಪ್ರಮಾಣದಲ್ಲಿ ಬೆರೆಸಿ ನೋಡಿ. ಯಾವ ಗಾಢತೆಯಲ್ಲಿ ಮೀನು ತಿನ್ನಲು ಶುರುಮಾಡುತ್ತದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಮೆಡಿಟರೇನಿಯನ್‌ನ ಹಳದಿ ಸ್ಪಂಜು ಅಪ್ಲಿಸಿನಾ ತನ್ನ ಬ್ರೋಮಿನ್ ಸಂಯುಕ್ತಗಳನ್ನು ಸಂಗ್ರಹಿಸಿ ಇಟ್ಟುಕೊಂಡಿರುತ್ತದೆ. ಮೈಗೆ ಗಾಯವಾದಾಗ ಕಿಣ್ವವೊಂದು ಅವನ್ನು ಬೇರೆ, ಇನ್ನೂ ಚುರುಕಾದ ವಸ್ತುಗಳಾಗಿ ಬದಲಿಸುತ್ತದೆ. ಬೆಳ್ಳುಳ್ಳಿಯೂ ಹಾಗೆಯೇ. ಇಡೀ ಎಸಳಿಗೆ ಅಷ್ಟು ಘಾಟಿಲ್ಲ. ಜಜ್ಜಿದಾಗ ಅಲಿನೇಸ್ ಎಂಬ ಕಿಣ್ವ ಅಲಿನ್ ಅನ್ನು ಅಲಿಸಿನ್ ಮಾಡುತ್ತದೆ, ಆಗ ಘಾಟು. ಎಸಳನ್ನು ಮೊದಲೇ ಇಡಿಯಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ, ಆಮೇಲೆ ಜಜ್ಜಿದರೂ ಘಾಟು ಹುಟ್ಟುವುದಿಲ್ಲ. ಹಸಿ ಜಜ್ಜಿದ್ದು ಒಂದು, ಕುದಿಸಿ ಜಜ್ಜಿದ್ದು ಒಂದು. ಎರಡರದ್ದೂ ಸಮ ಗಾತ್ರದ ಪೇಸ್ಟನ್ನು ಆಲ್ಕೋಹಾಲ್ ಇಲ್ಲದೆ ನೇರವಾಗಿ ಪಾಕಕ್ಕೆ ಬೆರೆಸಿ, ಕೂಡಲೇ ಉಂಡೆ ಮಾಡಿ ಕೊಡಿ. ಅಲಿಸಿನ್ ಹೆಚ್ಚು ಹೊತ್ತು ಉಳಿಯುವ ವಸ್ತುವಲ್ಲ, ಇಟ್ಟು ನಾಳೆ ಮಾಡೋಣ ಅಂದರೆ ಆಗದು.

ಒಂದು ಪದಾರ್ಥದ ಪರೀಕ್ಷೆ ಮುಗಿದ ಮೇಲೆ ಅದೇ ಮೀನುಗಳಿಗೆ ಇನ್ನೊಂದನ್ನು ಕೊಡುವ ಮುಂಚೆ ಕೆಲವು ದಿನ ಸಾಮಾನ್ಯ ಆಹಾರ ಹಾಕಿ. ಮೀನಿಗೂ ನೆನಪಿರುತ್ತದೆ. ಕೆಟ್ಟ ರುಚಿ ಕಂಡ ಉಂಡೆಯ ಬಣ್ಣವನ್ನೇ ಆಮೇಲೆ ದೂರವಿಡಬಹುದು, ಅದಕ್ಕೆ ಮುಂದಿನ ಸಲ ಬೇರೆ ಬಣ್ಣ ಬಳಸಿ. ಪ್ರಯೋಗವೆಲ್ಲ ಮುಗಿದ ಮೇಲೆ ಗೋಲ್ಡ್‌ಫಿಶ್‌ಗಳನ್ನು ಕಾಲೇಜಿನ ದೊಡ್ಡ ತೊಟ್ಟಿಯಲ್ಲಿ ಸಾಕಿ, ಇಲ್ಲವೇ ಸಾಕುವವರಿಗೆ ಕೊಡಿ. ಕೋಟೆ ಕೆರೆಗಾಗಲಿ ಮಾರ್ಕಂಡೇಯ ನದಿಗಾಗಲಿ ಬಿಡಬೇಡಿ. ಅವು ನಮ್ಮ ನೀರಿನ ಮೀನಲ್ಲ, ಇಲ್ಲಿನ ಮೀನುಗಳಿಗೆ ಕುತ್ತು ತರುತ್ತವೆ.